ಓದದೆ ಬಿಟ್ಟ ಸಾಲು

ಭಟ್ಟರೇ, ಹನ್ನೊಂದು ವರ್ಷಗಳ ಹಿಂದೆ ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಮಗಳು ಸುಮತಿಯ ಕ್ಲಾಸ್ ಟೀಚರ್ ನಾನು. ಶಾಲೆಗೆ ಬಂದು ಅವಳ ಹಲ್ಲು ನೋಡಿದ ಡಾಕ್ಟರು ನಿಮಗೆಂದು ಕೊಟ್ಟ ಕಾಗದವನ್ನು — ಪೂರ್ತಿ ಓದಿ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ನೀವು ಹೋಟೆಲಿನ ಅಡುಗೆಮನೆಯಿಂದ ಎಣ್ಣೆಯ ಪಂಚೆಯಲ್ಲೇ ಓಡಿ ಬಂದಿದ್ದಿರಿ. ಈ ತಮಿಳು ಊರಿನಲ್ಲಿ ಕಾಗದವೂ ತಮಿಳಿನಲ್ಲೇ ಇತ್ತು. "ನಂಗೆ ಇದು ಓದ್ಲಿಕ್ಕೆ ಬರುದಿಲ್ಲ ಟೀಚರೇ. ನೀವು ನಮ್ಮ ಭಾಷೆಯವ್ರು, ಎಂತ ಬರ್ದಿದಾರೆ ಸ್ವಲ್ಪ ಹೇಳಿ" ಎಂದಿರಿ. ಸುಮತಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಏನಿಲ್ಲ ಭಟ್ರೇ. ಎರಡು ಹೊತ್ತು ಚೆನ್ನಾಗಿ ಹಲ್ಲುಜ್ಜಬೇಕಂತೆ, ಅಷ್ಟೇ" ಎಂದೆ.

ಯಾಕೆ ಹಾಗೆಂದೆ ಎಂದು ಬರೆಯಲು ಅಸಹ್ಯವಾಗುತ್ತದೆ — ನನ್ನ ಮೇಲೇ. ಆಸ್ಪತ್ರೆ ಎಂದಿದ್ದರೆ ಜೊತೆಗೆ ಬನ್ನಿ ಎಂದು ನೀವು ನನ್ನನ್ನೇ ಕರೆಯುತ್ತಿದ್ದಿರಿ. ರೇಷನ್ ಕಾರ್ಡಿಗೂ ಶಾಲೆಯ ಅರ್ಜಿಗೂ ನಿಮ್ಮ ಪರವಾಗಿ ತಮಿಳು ಮಾತಾಡಿದವಳು ನಾನೇ. ಬಸ್ಸಿನಲ್ಲಿ ಅವಳ ಪಕ್ಕ ಕೂರಬೇಕು, ಆ ಬಾಯಿಯ ನಾತ... ಅದನ್ನು ತಾಳಲಾರದೆ ಅವಳನ್ನು ಆಗಲೇ ಕೊನೆಯ ಬೆಂಚಿಗೆ ಅಟ್ಟಿದ್ದೆ. ಗಟ್ಟಿಯಾಗಿ ಪಾಠ ಓದುವ ಸರದಿ ಬಂದರೆ ಅವಳನ್ನು ಬಿಟ್ಟು ಮುಂದಿನವಳನ್ನು ಕರೆಯುತ್ತಿದ್ದೆ. ಹೋಟೆಲಿನಲ್ಲಿ ಉಳಿದ ಜಾಂಗ್ರಿಯೇ ಎಷ್ಟೋ ದಿನ ಅವಳ ಊಟವೆಂದು, ನಿಮ್ಮ ವಠಾರದ ಒಂದೇ ನಲ್ಲಿಗೆ ಎಂಟು ಮನೆಯವರು ಕಾಯುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂಗು ಮುಚ್ಚಿಕೊಂಡೆ. ಅಣ್ಣಾ ನಗರದ ನಮ್ಮ ಮನೆಯಲ್ಲಿ ಮಡಿ-ಮೈಲಿಗೆ ಬಿಟ್ಟು ಎರಡು ತಲೆಮಾರಾಯಿತು ಎಂದು ಕೊಚ್ಚಿಕೊಳ್ಳುವವಳು ನಾನು. ಥೂ.

ಒಂಬತ್ತನೆಯ ತರಗತಿಯವರೆಗೂ ಲೆಕ್ಕದಲ್ಲಿ ಅವಳೇ ಮೊದಲು. ಆಮೇಲೆ — ನೋವಿಗೆ ನಿದ್ದೆಯಿಲ್ಲದೆ ಬಂದು ಬೆಂಚಿನ ಮೇಲೆ ತಲೆಯಿಡುತ್ತಿದ್ದಳು. ಪ್ರಗತಿ ಪತ್ರದಲ್ಲಿ ನಾನು ಬರೆದದ್ದು: ಸೋಮಾರಿ, ಗಮನವಿಲ್ಲ. ಹತ್ತನೆಯ ಪರೀಕ್ಷೆಗೆ ಮುಖ ಊದಿಸಿಕೊಂಡು ಬಂದಳು, ಲೆಕ್ಕದಲ್ಲೇ ಫೇಲಾದಳು. "ಓದು ಅವಳ ಹಣೆಯಲ್ಲಿ ಬರ್ದಿಲ್ಲ ಟೀಚರೇ" ಎಂದು ನೀವು ನನ್ನೆದುರು ಕಣ್ಣೊರೆಸಿಕೊಂಡಿರಿ. ನಾನು ಹೌದೆಂದು ತಲೆಯಾಡಿಸಿದೆ.

ಕಳೆದ ವಾರ ಪುರಸೈವಾಕ್ಕಂನ ಬಟ್ಟೆ ಅಂಗಡಿಯಲ್ಲಿ ನನಗೆ ಸೀರೆ ತೋರಿಸಿದವಳು ಅವಳೇ. ಈಗಲೂ ಬಾಯಿಗೆ ಕೈ ಅಡ್ಡವಿಟ್ಟೇ ಮಾತಾಡುತ್ತಾಳೆ. ಹಲ್ಲು ಹೇಗಿದೆಯಮ್ಮಾ ಎಂದು ಕೇಳುವಷ್ಟು ನಾಚಿಕೆಗೆಟ್ಟವಳು ನಾನು, ಕೇಳಿಯೇಬಿಟ್ಟೆ.

"ನಾಲ್ಕು ಕೀಳಿಸ್ದೆ ಮಿಸ್. ಆ ಲೆಟರ್ ನಾನೂ ಓದಿದ್ದೆ, ತಮಿಳಲ್ವಾ. ಮನೆಗೆ ಹೋಗಿ ಅಪ್ಪಂಗೆ ಹೇಳ್ದೆ. ಟೀಚರ್ ಸುಳ್ಳು ಹೇಳ್ತಾರಾ ಅಂತ ಊದಿದ ಕೆನ್ನೆಗೇ ಹೊಡೆದ್ರು. ಪರವಾಯಿಲ್ಲ, ವಿಡುಂಗ ಮಿಸ್, ಬಿಟ್ಬಿಡಿ" ಎಂದು ಸೀರೆ ಮಡಿಸತೊಡಗಿದಳು.

ಯಾವ ಮುಖ ಹೊತ್ತು ಕ್ಷಮೆ ಕೇಳಲಿ — ಕೇಳುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆದಿದ್ದೇನೆ, ಯಾರನ್ನೂ ಕೇಳದೆ ನೀವೇ ಓದಿಕೊಳ್ಳಬೇಕೆಂದು. ಅಂದು ನಾನು ಬಿಟ್ಟದ್ದು ಇಷ್ಟೇ: "ದವಡೆಯಲ್ಲಿ ಕೀವಾಗಿದೆ. ಈ ವಾರವೇ ಸರಕಾರಿ ದಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿ."

ಸುಮತಿ ನಿಜ ಹೇಳಿದ್ದಳು, ಭಟ್ಟರೇ. ಆ ಏಟು ಬೀಳಬೇಕಿದ್ದದ್ದು ನನ್ನ ಕೆನ್ನೆಗೆ.