ಹಾರ್ಲೆಮ್‌ನ ತಟ್ಟೆಗೆ ಲಕ್ಷ್ಮೇಶ್ವರದ ರಂಜಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ ಊರಿನ ವೃದ್ಧಾಶ್ರಮವೊಂದರ ಹಿಂಬಾಗಿಲ ಬಳಿ ಸೈಕಲ್ ನಿಲ್ಲಿಸಿ, ಅಕೀಲಾ ಕೈಗವಸು ಬಿಚ್ಚಿ ಬೆರಳುಗಳಿಗೆ ಬಿಸಿಯುಸಿರು ಊದಿಕೊಳ್ಳುತ್ತಾರೆ. ಒಳಗೆ ಹೋದವರೇ ಮಾಸ್ಕ್ ಬದಲಿಸಿ, ಏಪ್ರನ್ ಕಟ್ಟಿ, ಹಾಲಿನ ಗಂಜಿಯನ್ನು ಒಲೆಗೇರಿಸುತ್ತಾರೆ. ಒಂದು ಕಣ್ಣು ಗಂಜಿಯ ಮೇಲೆ, ಕೈ ಬ್ರೆಡ್ಡಿನ ಮೇಲೆ. ಹಲ್ಲಿಲ್ಲದವರಿಗೆ ಅಂಚು ಕತ್ತರಿಸಬೇಕು, ಸಕ್ಕರೆ ಕಾಯಿಲೆಯವರಿಗೆ ಜಾಮ್ ಬೇರೆ ಇಡಬೇಕು. ಎಪ್ಪತ್ತು ತಟ್ಟೆಗಳು ಎಂಟು ಗಂಟೆಯೊಳಗೆ ಮಹಡಿಗಳಿಗೆ ಹೋಗಬೇಕು. ತಿನ್ನುವವರಲ್ಲಿ ಹೆಚ್ಚಿನವರು ಆಕೆಯ ಮುಖ ನೋಡಿಲ್ಲ. ನೋಡಿದವರೂ ಈ ಎರಡು ವರ್ಷಗಳಲ್ಲಿ ಕಂಡದ್ದು ಮಾಸ್ಕಿನ ಮೇಲಿನ ಎರಡು ಕಣ್ಣುಗಳನ್ನಷ್ಟೆ.

ಅಕೀಲಾ ಗದಗ ಜಿಲ್ಲೆಯ ಲಕ್ಷ್ಮೇಶ್ವರದವರು. ಮನೆಯ ಮಾತು ದಖ್ಖನಿ, ಓಣಿಯ ಮಾತು ಕನ್ನಡ. ಗಂಡ ಖಾಲಿದ್ ಚನ್ನಪಟ್ಟಣದವರು. ನ್ಯೂವೆಗೈನ್‌ನ ಕಂಪನಿಯೊಂದರಲ್ಲಿ ಕೆಲಸ. ಕೊರೊನಾ ಬಂದ ಮೇಲೆ ಅವರ ಆಫೀಸು ಮನೆಯ ಊಟದ ಮೇಜಿಗೇ ಬಂದಿದೆ. ಹತ್ತು ವರ್ಷದ ಮಗಳು ಹಾನಿಯಾ ಅಮ್ಮನ ಕನ್ನಡಕ್ಕೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ಈ ಮನೆಯಲ್ಲಿ ಜಗಳ ಅಂತ ನಡೆದರೆ ಅದು ಒಂದೇ ವಿಷಯಕ್ಕೆ: ರಂಜಕ.

ಹಣ್ಣಾದ ಹಸಿ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಮೆಂತ್ಯ, ಉಪ್ಪು, ನಿಂಬೆರಸದ ಜೊತೆ ಒಳ್ಳು ಎನ್ನುವ ಒರಳುಕಲ್ಲಿನಲ್ಲಿ ಅರೆದು, ಭರಣಿಯಲ್ಲಿ ಹುಳಿಯಲು ಬಿಟ್ಟರೆ ರಂಜಕ. ಜೋಳದ ರೊಟ್ಟಿಯ ಮೇಲೆ ಇಷ್ಟು ಬಳಿದು ಎಣ್ಣೆ ಹಾಕಿಕೊಂಡರೆ ಗದಗ, ಧಾರವಾಡದ ಕಡೆಯವರಿಗೆ ಬೇರೆ ಪಲ್ಯ ಬೇಡ. ಉಳಿದ ಕರ್ನಾಟಕಕ್ಕೆ ಅದರ ಮೇಲೆ ಅನುಮಾನ. ಆಮ್ಸ್ಟೆಲ್‌ವೀನ್‌ನಲ್ಲಿ ಕನ್ನಡಿಗರು ಸೇರಿದ್ದ ಒಂದು ಊಟಕ್ಕೆ ಅಕೀಲಾ ಒಯ್ದಾಗ, ಬೆಂಗಳೂರಿನ ಹುಡುಗಿಯೊಬ್ಬಳು ಮುಚ್ಚಳ ತೆಗೆದು, “ಆಂಟಿ, ಇದು ಹಾಳಾಗಿದೆ ಅನ್ಸತ್ತೆ” ಎಂದಿದ್ದಳಂತೆ. ಅಷ್ಟರಲ್ಲಿ ವಿಜಯಪುರದ ಸಂಶೋಧಕ ಹಾಲಪ್ಪ, “ಹಾಳಾಗಿದ್ರ ನನ್ನ ತಟ್ಟಿಗೆ ಹಾಕ್ರಿ” ಎಂದು ಭರಣಿಯನ್ನೇ ಎಳೆದುಕೊಂಡರು. ಖಾಲಿದ್ ಯಾವ ಪಂಗಡ ಎಂಬುದರಲ್ಲಿ ಗುಟ್ಟಿಲ್ಲ. “ನಂಗೆ ಅಕೀಲಾ ಇಷ್ಟ, ಅವಳ ರಂಜಕ ಕಷ್ಟ. ಫ್ರಿಜ್ ತೆಗೆದ್ರೆ ಕಣ್ಣಲ್ಲಿ ನೀರು ಬರುತ್ತೆ, ಸಾರ್” ಎಂದು ನಗುತ್ತಾರೆ.

2020ರ ಜನವರಿಯಲ್ಲಿ ಅಕೀಲಾ ತವರಿಗೆ ಹೋಗಿಬಂದರು. ಬರುವಾಗ ತಾಯಿ ಹುಸೇನಬಿ ಒಂದು ಭರಣಿ ಕಟ್ಟಿಕೊಟ್ಟರು. ಮಾರ್ಚ್‌ನಲ್ಲಿ ಊರಿನ ದಾರಿ ಮುಚ್ಚಿತು. ಅಂದಿನಿಂದ ಅಕೀಲಾ ಆ ಭರಣಿಯನ್ನು ಹಬ್ಬದ ಅತ್ತರಿನಂತೆ ಬಳಸತೊಡಗಿದರು, ಚಮಚದ ತುದಿಗೆ ಅಂಟಿದಷ್ಟು. ಕೆಲಸದ ಜಾಗದಲ್ಲಿ ಸಹೋದ್ಯೋಗಿಗಳಿಗೆ ಅದರ ಘಾಟು ಆಗುತ್ತಿರಲಿಲ್ಲ; ಅಕೀಲಾ ಡಬ್ಬಿ ಹಿಡಿದು ಹಿತ್ತಿಲ ಸೈಕಲ್ ನಿಲ್ದಾಣದ ಪಕ್ಕ ಕೂತು ಉಣ್ಣುತ್ತಿದ್ದರು. “ಬ್ಯಾಸರ ಏನಿಲ್ರಿ. ಅಲ್ಲಿ ಕುಂತ್ರ ಊರು ನೆನಿಸ್ಕೋಬಹುದಿತ್ತು. ಒಳಗ ಕುಂತ್ರ ಅವ್ರ ಮಾತು ಕೇಳಬೇಕು” ಎನ್ನುತ್ತಾರೆ.

ಅದೇ ಮಾರ್ಚ್‌ನಲ್ಲಿ ವೃದ್ಧಾಶ್ರಮಕ್ಕೆ ಹೊರಗಿನವರ ಪ್ರವೇಶ ನಿಂತಿತು. ಎರಡನೇ ಮಹಡಿಯಲ್ಲಿ ಎಂಬತ್ತು ದಾಟಿದ ಲಾಪ್ರೆ ಎಂಬ ಅಜ್ಜಿ ಇದ್ದರು. ಹುಟ್ಟಿದ್ದು ಜಾವಾದಲ್ಲಿ; ಹದಿಹರೆಯದಲ್ಲಿ ಹಡಗು ಹತ್ತಿ ಈ ದೇಶಕ್ಕೆ ಬಂದವರು. ವಾರಕ್ಕೆರಡು ಬಾರಿ ಅವರ ಮಗಳು ಮನೆಯಿಂದ ಅನ್ನ, ಖಾರದ ಸಂಬಾಲ್ ಚಟ್ನಿ ತಂದು ಉಣಿಸುತ್ತಿದ್ದಳು. ಈಗ ಅವಳು ಕಿಟಕಿಯಾಚೆ ಹುಲ್ಲಿನ ಮೇಲೆ ನಿಂತು ಕೈಬೀಸುತ್ತಿದ್ದಳು. ಅಜ್ಜಿ ಉಣ್ಣುವುದನ್ನೇ ಬಿಟ್ಟರು. ಆಲೂಗಡ್ಡೆ ಹೋದಂತೆಯೇ ವಾಪಸು ಬರುತ್ತಿತ್ತು.

ಒಂದು ಮಧ್ಯಾಹ್ನ ಅಕೀಲಾ ತಮ್ಮ ಊಟ ಮುಗಿಸಿ ಎರಡನೇ ಮಹಡಿಯ ತಟ್ಟೆಗಳನ್ನು ಎತ್ತಲು ಹೋದಾಗ ಅಜ್ಜಿ ಅವರ ಕೈ ಹಿಡಿದುಕೊಂಡರು. ಮೂಗಿನ ಹತ್ತಿರ ತಂದರು. ತೊಳೆದರೂ ಬೆಳ್ಳುಳ್ಳಿ, ಮೆಣಸಿನ ವಾಸನೆ ಹೋಗಿರಲಿಲ್ಲ.

“ಸಂಬಾಲ್?” ಎಂದರು ಅಜ್ಜಿ.

“ಅಲ್ಲ ಮೇಡಂ, ರಂಜಕ. ನಮ್ಮೂರಿನದು. ಅಮ್ಮ ಮಾಡಿದ್ದು.”

“ನನಗೆ ಸ್ವಲ್ಪ ಕೊಡ್ತೀಯಾ?”

ಸಿಬ್ಬಂದಿ ಮನೆಯಿಂದ ತಂದದ್ದನ್ನು ಯಾರಿಗೂ ಕೊಡುವಂತಿಲ್ಲ. ಅಕೀಲಾಗೆ ಅದು ಚೆನ್ನಾಗಿ ಗೊತ್ತಿತ್ತು. ಭರಣಿ ಬೇರೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. “ಸುಳ್ಳ್ಯಾಕ ಹೇಳ್ಲಿ? ರೂಲ್ಸಿಗಿಂತ ಮೊದ್ಲು ನಂಗ ಭರಣಿ ನೆನಪಾತು. ಇಲ್ಲ ಅಂದು ಬಂದ್ಬಿಟ್ಟೆ” ಎನ್ನುತ್ತಾರೆ. ಮರುದಿನವೂ ತಟ್ಟೆ ತುಂಬಿದ್ದೇ ವಾಪಸು ಬಂತು. ಅದರ ಮರುದಿನ ಅಕೀಲಾ ಒಂದು ಮುಷ್ಟಿ ಬಿಳಿ ಅನ್ನದ ಮೂಲೆಯಲ್ಲಿ ಹುಣಸೆ ಬೀಜದಷ್ಟು ರಂಜಕ ಇಟ್ಟು ಒಯ್ದರು. ಅಜ್ಜಿ ಕಲಸಿ ಬಾಯಿಗಿಟ್ಟರು. ಬಿಕ್ಕಳಿಕೆ ಬಂತು, ಮೂಗು ಸೋರಿತು, ಅತ್ತರು. ಆದರೆ ತಟ್ಟೆ ಬರಿದಾಯಿತು. ಆಮೇಲೆ ಅದು ದಿನದ ಮಾತಾಯಿತು.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಅಜ್ಜಿಯ ಹೊದಿಕೆಯ ಮೇಲೆ ಕೆಂಪು ಕಲೆ ಕಂಡು ನರ್ಸ್ ರಕ್ತವೆಂದು ಗಾಬರಿಯಾದರು. ಅಡುಗೆಮನೆಯ ಮೇಲ್ವಿಚಾರಕಿ ಅಕೀಲಾರನ್ನು ಕರೆದು, ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ ಎಂದು ಎಚ್ಚರಿಸಿ, ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಅಕೀಲಾ ಮನೆಗೆ ಬಂದು ಅತ್ತಾಗ ಖಾಲಿದ್, “ಯಾರೋ ಅಜ್ಜಿಗೋಸ್ಕರ ನಿಂಗ್ಯಾಕೆ ಬೇಕಿತ್ತು ಇದೆಲ್ಲ?” ಎಂದರಂತೆ. “ಯಾರೋ ಅಲ್ಲ. ನಮ್ಮ ಕಡಿಯವ್ರನ್ನ ಬಿಟ್ರ, ರಂಜಕ ಕೇಳಿ ಉಂಡಾಕಿ ಈ ದೇಶದಾಗ ಆಕಿ ಒಬ್ಬಾಕಿ” ಎಂದು ಇವರ ಉತ್ತರ.

ಅಜ್ಜಿಯ ತಟ್ಟೆಗಳು ಮತ್ತೆ ತುಂಬಿದ್ದೇ ಬರತೊಡಗಿದವು. ಅಕೀಲಾರ ಕೈಯಿಂದಲೇ ಅವು ಕಸದ ಬುಟ್ಟಿ ಸೇರುತ್ತಿದ್ದವು. ಕೊನೆಗೆ ಅಜ್ಜಿಯ ಮಗಳು ಫೋನಿನಲ್ಲಿ ಪಟ್ಟು ಹಿಡಿದಳು. ವೈದ್ಯರು, ಇಲ್ಲಿನ ಅಡುಗೆಮನೆಯಲ್ಲೇ ಮಾಡಿದ್ದಾದರೆ ಸ್ವಲ್ಪ ಕೊಡಬಹುದು ಎಂದರು. ಮೇಲ್ವಿಚಾರಕಿ ಪಾತ್ರೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: “ಅದನ್ನು ಇಲ್ಲಿ ಮಾಡೋಕಾಗುತ್ತಾ?”

ಶನಿವಾರದ ಸಂತೆಯಿಂದ ಕೆಂಪು ಮೆಣಸಿನಕಾಯಿ ಬಂತು. ಮಿಕ್ಸಿಗೆ ಹಾಕಿದರೆ ಬರೀ ನೀರು. ಖಾರವಿದೆ, ಬಣ್ಣವಿದೆ, ರುಚಿಯಿಲ್ಲ. ಅಕೀಲಾ ವಿಡಿಯೊ ಕಾಲ್‌ನಲ್ಲಿ ತಾಯಿಗೆ ತೋರಿಸಿದರು. ಹುಸೇನಬಿ ಕನ್ನಡಕ ಏರಿಸಿ ನೋಡಿ, “ಬಿಸಿಲು ಕಾಣದ ಕಾಯಿ ಅದು. ನಂದು ಉಳದೈತೇನು? ಉಳದಿದ್ರ ಅದ್ರಾಗ ಹಾಕು. ಹೆಪ್ಪು ಹಾಕಿದಂಗ” ಎಂದರು.

ಉಳಿದದ್ದು ಎರಡು ಚಮಚ. ಮುಂದಿನದು ಯಾವಾಗ ಸಿಕ್ಕೀತೆಂದು ಹೇಳುವವರಿಲ್ಲ. ಅಕೀಲಾ ಮರುದಿನ ಭರಣಿ ಒಯ್ದು, ಮೇಲ್ವಿಚಾರಕಿಯ ಎದುರೇ ಹೇಳಿದರು: “ಇದಿಲ್ಲದೆ ಆಗೋದಿಲ್ಲ.” ಆಕೆ ಕಂಡೂ ಕಾಣದಂತೆ ಬೆನ್ನು ತಿರುಗಿಸಿ ನಿಂತರು. ಅಕೀಲಾ ಭರಣಿಯನ್ನು ಬೆರಳಿನಿಂದ ಬಳಿದು ಹಾಕಿದರು. “ಬೆರಳು ನೆಕ್ಕಲಿಲ್ರಿ. ನೆಕ್ಕಿದ್ರ ಅಳು ಬರ್ತಿತ್ತು.” ವಾರ ಕಳೆದ ಮೇಲೆ ಅದು ಹುಳಿಯಿತು. ತಾಯಿಯದರಂತೆ ಅಲ್ಲ, ಆದರೆ ರಂಜಕವೇ.

ಲಾಪ್ರೆ ಅಜ್ಜಿ ಮುಂದಿನ ಚಳಿಗಾಲದವರೆಗೂ ಅದನ್ನು ಉಂಡರು. 2021ರ ಫೆಬ್ರವರಿಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಅವರ ಮಗಳು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ಸಣ್ಣ ಬಾಟಲಿ ಸಿಗಬಹುದೇ ಎಂದು ಕೇಳಿದಳು. ಈಗ ಇನ್ನೂ ನಾಲ್ಕು ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಇಬ್ಬರು ಅದು ಮೇಜಿನ ಮೇಲಿದ್ದರೆ ಕುರ್ಚಿ ಬದಲಿಸುತ್ತಾರೆ.

ಅದೇ ವರ್ಷದ ಮೇ ತಿಂಗಳಲ್ಲಿ ಹುಸೇನಬಿ ಕೊರೊನಾ ಬಂದು ಗದಗದ ಆಸ್ಪತ್ರೆ ಸೇರಿದರು. ಆಗ ಭಾರತದ ವಿಮಾನಗಳು ನಿಂತುಹೋಗಿದ್ದವು. ಅಕೀಲಾ ಇಲ್ಲಿ ಗಂಜಿ ತಿರುವುತ್ತ, ಜೇಬಿನಲ್ಲಿ ಫೋನು ಯಾವಾಗ ಅದುರೀತೋ ಎಂದು ಹೆದರುತ್ತ ದಿನ ಕಳೆದರು. ತಾಯಿ ಉಳಿದರು, ತೋಳಿನ ಶಕ್ತಿ ಉಳಿಯಲಿಲ್ಲ. ಈ ಡಿಸೆಂಬರ್‌ನಲ್ಲಿ ಊರಲ್ಲಿ ಮೆಣಸಿನಕಾಯಿ ಹಣ್ಣಾಗುತ್ತಿದೆ, ಇಲ್ಲಿ ಮತ್ತೆ ಎಲ್ಲ ಮುಚ್ಚುವ ಸುದ್ದಿ. ಜನವರಿಯ ಟಿಕೆಟ್ ಕೈಯಲ್ಲಿದೆ, ಭರವಸೆಯಿಲ್ಲ.

ಹೋದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅಕೀಲಾ ತಟ್ಟೆ ಒರೆಸುವುದನ್ನು ನಿಲ್ಲಿಸುತ್ತಾರೆ.

“ಒಳ್ಳಿನ ಮುಂದ ನಾ ಕುಂಡ್ರತೀನ್ರಿ. ಅಮ್ಮಾ ಬಾಜೂಕ ಕುಂತು, ಉಪ್ಪು ಕಮ್ಮಿ ಆತು, ಕೈ ಜೋರು ಮಾಡು ಅಂತ ಬೈಕೋತ ಇರಬೇಕು. ಬೈಸ್ಕೊಂಡು ಎರಡು ವರ್ಷ ಆತು.”