ನಾಗಮಂಗಲದಲ್ಲಿ ಅಪ್ಪ ಉಂಡ ಊಟ

ಆ ಕಾಲದಲ್ಲಿ ನಮ್ಮ ಬಾಬುರಾಯನಕೊಪ್ಪಲಿನಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗೂ ಫುಟ್‌ಬಾಲಿನದೇ ಗಲಾಟೆ. ಕ್ರಿಕೆಟ್ಟು ಬಿಡಿ, ಎಲ್ಲ ಊರಲ್ಲೂ ಇತ್ತು. ಫುಟ್‌ಬಾಲ್ ತಂಡ ಅಂತ ಇದ್ದದ್ದು ನಮ್ಮಲ್ಲಿ, ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ, ನಾಗಮಂಗಲದಲ್ಲಿ. ಭಾನುವಾರ ಬಂತೆಂದರೆ ಮೆಟಡೋರಿನಲ್ಲಿ ಅರ್ಧ ಆಟಗಾರರು, ಅರ್ಧ ಕೂಗುವವರು. ಕೂಗುವವರಲ್ಲಿ ನಾನೇ ಚಿಕ್ಕವಳು. ಗಂಟಲು ಮಾತ್ರ ಎಲ್ಲರಿಗಿಂತ ದೊಡ್ಡದು. ನನ್ನಣ್ಣ ಮಾದೇಶ ಗೋಲು ಕಾಯುತ್ತಿದ್ದ. ಹಿಂದಿನ ದಿನ ಚೆಂಡಿಗೆ ಹರಳೆಣ್ಣೆ ಸವರುವುದು ನನ್ನ ಕೆಲಸ. ಆ ತೊಗಲಿನ ವಾಸನೆ ಬೆಳಿಗ್ಗೆ ಇಡ್ಲಿ ತಿನ್ನುವಾಗಲೂ ಕೈಯಲ್ಲಿರುತ್ತಿತ್ತು.

ಅಪ್ಪನಿಗೆ ಇದೆಲ್ಲ ಕಂಡರಾಗದು. "ಗಾಳಿ ತುಂಬಿದ್ ತೊಗ್ಲು ಒದಿಯೋಕೇನ್ಲಾ ನಿನ್ನ ಓದ್ಸುದ್ದು?" ಎಂದು ಅಣ್ಣನನ್ನು ಬೈಯುತ್ತಿದ್ದ. ಒಂದು ಮ್ಯಾಚನ್ನೂ ನೋಡಿದವನಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಸ್ವಲ್ಪ ದಿನಕ್ಕೆ ಅಣ್ಣನಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧಿ, ಆಮೇಲೆ ಆಸ್ಪತ್ರೆ. ಉಳಿಯಲಿಲ್ಲ. ತಿಥಿಯೂ ಆಯಿತು. ನಾನು ಅಳಲಿಲ್ಲ. ಮಾತೂ ನಿಂತುಹೋಗಿತ್ತು. ಕೂತು ಕೂತು ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನಾನು ಪೂರ್ತಿ ಹಾಗಾಗಿದ್ದೆ.

ಸೀಸನ್ನಿನ ಕೊನೆಯ ಮ್ಯಾಚು ನಾಗಮಂಗಲದಲ್ಲಿತ್ತು. ಗೆದ್ದರೆ ಕಪ್ಪು ನಮ್ಮದು. ಅಣ್ಣ ಹಾಸಿಗೆ ಹಿಡಿದಾಗಲೂ ಅದೊಂದನ್ನೇ ಹೇಳುತ್ತಿದ್ದ. ತಂಡದ ಕ್ಯಾಪ್ಟನ್ ಸಲೀಮಣ್ಣ, ಗಂಜಾಂನಲ್ಲಿ ಮೆಕ್ಯಾನಿಕ್ಕು, ಅಣ್ಣನ ಜೀವದ ಗೆಳೆಯ. ಅವನು ನಮ್ಮ ಜಗಲಿಗೆ ಬಂದು ತಲೆ ತಗ್ಗಿಸಿ ಕೂತ.

"ನೀವು ಬ್ಯಾಡ ಅಂದ್ರೆ ಓಗಕಿಲ್ಲ ಮಾವ," ಎಂದ.

"ಓಗ್ರಲಾ. ಅವ್ನು ಅದ್ಕೇ ಕಾಯ್ತಿದ್ದ," ಎಂದ ಅಪ್ಪ.

ಅವ್ವ ಒಳಗಿನಿಂದಲೇ ಅಂದಳು: "ಈ ಮಗೀನೂ ಕರ್ಕೊಂಡು ನೀವೂ ಓಗಿ. ಅಳೂ ಇಲ್ಲ, ಮಾತೂ ಇಲ್ಲ. ಇದುನ್ನೂ ಕಳ್ಕೋಬೇಕಾ ನಾನು?"

ಹಾಗೆ ಅಪ್ಪ ಮೊದಲ ಸಲ ಮೆಟಡೋರು ಹತ್ತಿದ. ಪಾಂಡವಪುರ ದಾಟುವಾಗ ಆಲೆಮನೆಯಿಂದ ಬೆಲ್ಲದ ಪಾಕ ಘಮ್ಮೆಂದಿತು. ಬೇರೆ ದಿನವಾದರೆ ಗಾಡಿ ನಿಲ್ಲಿಸಿ, ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲಕ್ಕೆ ಜಗಳವಾಡಿಯೇ ಹೊರಡುತ್ತಿದ್ದೆವು. ಆ ದಿನ ಯಾರೂ ನಿಲ್ಲಿಸು ಎನ್ನಲಿಲ್ಲ.

ಆಗೆಲ್ಲ ಬಂದ ತಂಡಕ್ಕೆ ಕರೆದ ಊರಿನವರೇ ಮಧ್ಯಾಹ್ನದ ಊಟ ಹಾಕಬೇಕಿತ್ತು, ಅದೂ ಬಾಡೂಟವನ್ನೇ. ಉಣ್ಣದೆ ಎದ್ದರೆ ಹಾಕಿದವರ ಮುಖಕ್ಕೆ ಹೊಡೆದ ಹಾಗೆ. ನಾಗಮಂಗಲದವರು ಶಾಮಿಯಾನದ ಕೆಳಗೆ ಎಲೆ ಹಾಕಿ, ಮುದ್ದೆ, ಮಟನ್ ಸಾರು ಬಡಿಸಿದರು. ನಮ್ಮ ಹುಡುಗರು ಎಲೆಯ ಮುಂದೆ ಕೈ ಕಟ್ಟಿ ಕೂತರು. ಒಬ್ಬನೂ ಮುಟ್ಟಲಿಲ್ಲ.

ಬಡಿಸುತ್ತಿದ್ದ ಅಲ್ಲಿಯ ಯಜಮಾನರು ನಿಂತು ನೋಡಿದರು. "ಯಾಕ್ರಪ್ಪಾ? ನಿಮ್ಮಲ್ಲಿ ಸಾಬ್ರ ಹುಡುಗ್ರೂ ಅವ್ರೆ ಅಂತ ಸಾಬ್ರ ಕೈಲೇ ಕುಯ್ಸಿದ್ದೀವಿ. ಇನ್ನೇನ್ ಬೇಕು?"

"ಅದಲ್ಲ ಯಜಮಾನ್ರೆ..." ಸಲೀಮಣ್ಣ ಅಪ್ಪನ ಕಡೆ ನೋಡಿದ, ನೋಡಿ ತಕ್ಷಣ ಮುಖ ತಿರುಗಿಸಿದ.

"ಅಂಗಾದ್ರೆ ನಾವ್ ಆಕಿದ್ ಅನ್ನ ಬ್ಯಾಡ ಅನ್ನಿ! ಅನ್ನ ಬ್ಯಾಡ ಅಂದೋರ ಜೊತೆ ಆಟ ಏನ್ ಬಂತು? ಗಾಡಿ ಅತ್ಕೊಂಡು ಓಗ್ರಿ."

ಚೆಂಡು ಒದೆಯುವ ಮೊದಲೇ ಮ್ಯಾಚು ಮುಗಿಯುವಂತಾಯಿತು. ಅಪ್ಪನಿಗೆ ಆಗ ಅರ್ಥವಾಯಿತು, ನನಗೂ ಆಯಿತು. ನಮ್ಮ ಬೀದಿಯಲ್ಲಿ ಸಾವಾದ ಮನೆಯವರು ಮೊದಲು ಬಾಡು ಮುಟ್ಟಬೇಕು, ಆಮೇಲೆ ಅಣ್ಣತಮ್ಮಂದಿರು. ತಿಥಿ ಕಳೆದರೂ ನಮ್ಮ ಮನೆಯಲ್ಲಿ ಯಾರೂ ಇನ್ನೂ ಮುಟ್ಟಿರಲಿಲ್ಲ. ಈ ಹುಡುಗರು, ಸಲೀಮಣ್ಣನೂ ಸೇರಿ, ತಾವೂ ಅಣ್ಣತಮ್ಮಂದಿರೇ ಎಂದುಕೊಂಡುಬಿಟ್ಟಿದ್ದರು. ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪ ಎದ್ದು ಹೋಗಿ ಸಲೀಮಣ್ಣನ ಪಕ್ಕ ಜಾಗ ಮಾಡಿಕೊಂಡು ಕೂತ. "ನಂಗೂ ಒಂದೆಲೆ ಆಕಿ," ಎಂದ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಒಂದು ತುಂಡು ಬಾಡು ಬಾಯಿಗಿಟ್ಟುಕೊಂಡ. ಅಗಿದ, ಬಹಳ ಹೊತ್ತು ಅಗಿದ. ಆಮೇಲೆ ಸಾಲಿನ ಕಡೆ ತಿರುಗಿ, "ಉಣ್ರಲಾ. ಒಟ್ಟೆ ಅಸ್ಕೊಂಡು ಏನ್ ಆಡೀರಿ?" ಎಂದ.

ಸಲೀಮಣ್ಣ ಅಳುತ್ತಲೇ ಮುದ್ದೆಗೆ ಕೈ ಹಾಕಿದ. ಮಿಕ್ಕವರೂ ಹಾಕಿದರು. ಯಜಮಾನರ ಕಿವಿಯಲ್ಲಿ ಯಾರೋ ವಿಷಯ ಹೇಳಿದರು. ಅವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ನಾನೂ ಉಂಡೆ. ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ, ಆದರೆ ರುಚಿಯಾಗಿತ್ತು.

ಹೊಟ್ಟೆ ಬಿರಿಯ ಉಂಡವರು ಇನ್ನು ಹೇಗೆ ಓಡಿಯಾರು? ಎರಡೂ ಕಡೆಯವರು ಅದೇ ಮುದ್ದೆ ಉಂಡಿದ್ದರಿಂದ ಹೇಗೋ ಸರಿಹೋಯಿತು. ಗೋಲಿನಲ್ಲಿ ಯಾವನೋ ಹೊಸ ಹುಡುಗ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ, ಒಂದು ಸಲವೂ ಕೂಗಲಿಲ್ಲ. ಕೊನೆಗಳಿಗೆಯಲ್ಲಿ ಸಲೀಮಣ್ಣ ಒಂದು ಗೋಲು ಹೊಡೆದ. ಸೀಟಿ ಊದಿದ್ದೇ ತಡ, ನಮ್ಮ ಹುಡುಗರು ನೆಲಕ್ಕೆ ಕುಸಿದು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೋಳೋ ಎಂದು ಅತ್ತರು.

ಅಪ್ಪನಿಗೆ ಏನೂ ತಿಳಿಯಲಿಲ್ಲ. "ಸೋತ್ರೇನವ್ವಾ?" ಎಂದು ಕೇಳಿದ.

"ಇಲ್ಲ. ಗೆದ್ದೋ." ಅಣ್ಣ ಹೋದ ಮೇಲೆ ನಾನಾಡಿದ ಮೊದಲ ಮಾತು ಅದು.

"ಗೆದ್ರೆ ಅವ್ನೇನ್ ಮಾಡ್ತಿದ್ದ?"

"ನನ್ನ ಎತ್ಕೊಂಡು ಫೀಲ್ಡ್ ಸುತ್ತ ಓಡ್ತಿದ್ದ."

ಅಪ್ಪ ನನ್ನನ್ನು ಎತ್ತಿಕೊಳ್ಳಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಗಾಡಿಯ ಕಡೆ ನಡೆದ. ನಾನೂ ಹಿಂದೆ ನಡೆದೆ.

ಜಕ್ಕನಹಳ್ಳಿ ದಾಟಿದ ಮೇಲೆ ಗಾಡಿ ನಿಲ್ಲಿಸಲು ಹೇಳಿ, ರಸ್ತೆ ಬದಿಯ ಹುಣಸೆಮರ ಹಿಡಿದುಕೊಂಡು ಅಪ್ಪ ಉಂಡದ್ದನ್ನೆಲ್ಲ ಕಕ್ಕಿದ. ಸಲೀಮಣ್ಣ ಓಡಿಹೋಗಿ ಅವನ ಹಣೆ ಹಿಡಿದುಕೊಂಡ.

"ಬಾಡು ಚೆನ್ನಾಗೇ ಇತ್ತು ಕಣ್ಲಾ," ಎಂದ ಅಪ್ಪ, ಬಾಯಿ ಮುಕ್ಕಳಿಸುತ್ತ. "ನಂಗೇ ಇಳೀಲಿಲ್ಲ."

ಕಪ್ಪು ಊರು ಬರುವವರೆಗೂ ಸೀಟಿನ ಕೆಳಗೆ ಉರುಳಾಡುತ್ತಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಮರುವರ್ಷ ತಂಡ ಸೇರಲೇ ಇಲ್ಲ. ನಮ್ಮೂರ ಮೈದಾನ ಈಗ ಸೈಟಾಗಿ ಮನೆಗಳೆದ್ದಿವೆ. ಈಗಲೂ ಊರಲ್ಲಿ ಸಾವಾದರೆ ಜನ ಹಾರ ಹಿಡಿದು ಬರುತ್ತಾರೆ, ಬಂದವರು ಬಂದ ಹಾಗೇ ಹೋಗುತ್ತಾರೆ. ಗೆಳೆಯನಿಗಾಗಿ ಎಲೆಯ ಮುಂದೆ ಕೈ ಕಟ್ಟಿ ಕೂತವರನ್ನು ನಾನು ಮತ್ತೆ ನೋಡಲಿಲ್ಲ. ಅಪ್ಪನೂ ಹೋಗಿ ವರ್ಷಗಳಾದವು. ಅಣ್ಣನ ಮುಖ ನನಗೀಗ ನೆಟ್ಟಗೆ ನೆನಪಿಗೆ ಬರುವುದಿಲ್ಲ; ಗೋಡೆಯ ಮೇಲಿನ ಫೋಟೋ ನೋಡಿದರೆ ಬರೀ ಫೋಟೋ ಕಾಣುತ್ತದೆ. ಅವನಿಗಾಗಿ ನಾನು ಇವತ್ತಿಗೂ ಅತ್ತಿಲ್ಲ. ಅಪ್ಪ ಆ ಒಂದು ತುಂಡನ್ನು ಅಷ್ಟು ಹೊತ್ತು ಅಗಿದದ್ದು ನೆನಪಾದಾಗ ಮಾತ್ರ ಬಾಯಿಗಿಟ್ಟ ತುತ್ತು ನನಗೂ ಇಳಿಯುವುದಿಲ್ಲ.