ಮೀಸೆಯ ಮೇಲೆ ನಿಲ್ಲದ ಮಾಸ್ಕ್

ಗುರುವಾಯನಕೆರೆಯಿಂದ ಬಿ.ಸಿ.ರೋಡಿಗೆ ದಿನವೂ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆದು, ಮತ್ತೆ ನಿಂತುಕೊಂಡೇ ಬರುತ್ತಿದ್ದ ನನಗೆ ಕಡಲಿನ ತಳ ನೋಡುವ ಹುಚ್ಚು ಯಾಕೆ ಹಿಡಿಯಿತೋ! ಈಗ ನೆನೆದರೂ ಸುಸ್ತಾಗುತ್ತದೆ. ಮುರ್ಡೇಶ್ವರದ ಕಡೆ ಹೋಗಿದ್ದಾಗ ಒಮ್ಮೆ ಸ್ಕೂಬಾ ಡೈವಿಂಗಿಗೆ ಇಳಿದಿದ್ದೆ. ಕಣ್ಣು ಮೂಗು ಮುಚ್ಚುವ ಬಾಡಿಗೆಯ ಮಾಸ್ಕಿನೊಳಗೆ ನೀರು ತುಂಬಿ, ಏನೂ ಕಾಣದೆ ಕೆಮ್ಮುತ್ತಾ ಮೇಲೆ ಬಂದೆ. ಕಲಿಸುವಾತ ಸಮಾಧಾನ ಹೇಳಿದ. ಸಿಲಿಂಡರ್, ಕೊಳವೆ ಎಲ್ಲ ಬಾಡಿಗೆಗೆ ಸಾಕಂತೆ. ಕೈ ಬಿಗಿಯಿದ್ದವರು ಮೊದಲು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಒಂದನ್ನು ಸ್ವಂತ ಮಾಡಿಕೊಳ್ಳಬೇಕಂತೆ.

ಮೂಡುಬಿದಿರೆಯ ಆಟದ ಸಾಮಾನಿನ ಅಂಗಡಿಯಾತ ಮಕ್ಕಳ ಈಜು ಕನ್ನಡಕ ತೋರಿಸಿ, "ಇದರಲ್ಲೂ ನೀರೇ ಕಾಣುದಲ್ವಾ ಮಾರಾಯ್ರೆ" ಎಂದ. ಅಂಗಡಿಯಲ್ಲಿ ಸಿಗದ್ದಕ್ಕೆ ನಮ್ಮೂರಿನಲ್ಲಿ ಇದ್ದದ್ದು ಒಂದೇ ದಾರಿ, ಗಲ್ಫಿನಲ್ಲಿರುವವರು ರಜೆಯಲ್ಲಿ ಬರುವುದನ್ನು ಕಾಯುವುದು. ನೆರೆಮನೆಯ ಬ್ಯಾರಿ ಮುಸಲ್ಮಾನ ಗೆಳೆಯ ದುಬೈಯಲ್ಲಿದ್ದ. ಮಾಸ್ಕೂ ಈಜುವಾಗ ಕಾಲಿಗೆ ತೊಡುವ ರಬ್ಬರಿನ ಫಿನ್ನೂ ಹಳೆಯದಾದರೂ ಸಾಕು ಎಂದು ಹೇಳಿ, ಪೇಪರಿನ ಮೇಲೆ ನನ್ನ ಪಾದವಿಟ್ಟು ಗೀಟು ಎಳೆದು ಕೊಟ್ಟು ಕಳುಹಿಸಿದೆ. ಮುಂದಿನ ರಜೆಗೆ ಯಾರೋ ಬಳಸಿ ಬಿಟ್ಟ ಫಿನ್ ಜೋಡಿಯನ್ನೂ ಮಾಸ್ಕನ್ನೂ ಹೊತ್ತು ತಂದ. ಫಿನ್ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಮುಖಕ್ಕೆ ಗೀಟು ಎಳೆದು ಕಳುಹಿಸುವುದು ಹೇಗೆಂದು ಮಾತ್ರ ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈಬಿಟ್ಟರೆ ಅದು ಅಲ್ಲೇ ಅಂಟಿ ನಿಲ್ಲಬೇಕು. ನನ್ನದು ಪ್ರತಿ ಸಲವೂ ಕಳಚಿ ಕೈಗೆ ಬಿತ್ತು. ವೇಣೂರಿನ ಹೊಳೆಯಲ್ಲಿ ಮುಳುಗಿದರೆ ಮೇಲ್ದುಟಿಯ ಹತ್ತಿರದಿಂದ ನೀರು ನುಗ್ಗುತ್ತಿತ್ತು. ತೆಂಗಿನೆಣ್ಣೆ ಸವರಿದೆ. ಮೀಸೆಗೆ ಹೊಳಪು ಬಂದದ್ದೇ ಲಾಭ.

"ಮೀಸೆ ತೆಗಿ ಮಾರಾಯ. ಬೇರೆ ಏನೂ ದೋಷ ಇಲ್ಲ" ಎಂದ ಗೆಳೆಯ, ದಡದಲ್ಲಿ ಕೂತು.

"ಅಪ್ಪ ಇದ್ದಾರಲ್ಲ."

ಅವನು ನಾಲಿಗೆ ಕಚ್ಚಿಕೊಂಡ. ನಮ್ಮ ಕಡೆ ಅಪ್ಪ ಹೋದಾಗಲೇ ಮಗ ಮೀಸೆ ತೆಗೆಸುವುದು. ನೆರೆಯಲ್ಲೇ ಬೆಳೆದವನಿಗೆ ಅದು ಗೊತ್ತಿಲ್ಲದ್ದೇನಲ್ಲ.

ಆದರೂ ಆಸೆ ಕೇಳಬೇಕಲ್ಲ! ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದೆ. ಅಮ್ಮ ಸೌಟನ್ನು ಪಾತ್ರೆಗೆ ಬಿಟ್ಟು, "ಅಪ್ಪ ಇರುವಾಗ ಮೀಸೆ ತೆಗೀಲಿಕ್ಕುಂಟಾ? ಬಾಯಲ್ಲಿ ಒಳ್ಳೇದು ಬರುದಿಲ್ವಾ ನಿಂಗೆ?" ಎಂದು ಒಳಗೆ ಹೋದರು.

ಅಪ್ಪ ನಕ್ಕರು. "ನಾನು ಹೋಗುವವರೆಗೆ ಕಾಯ್ಲಿಕ್ಕೆ ಆಗುದಿಲ್ವಾ ಮಾರಾಯ?" ಎಂದು ಮಜ್ಜಿಗೆ ಬಡಿಸಿಕೊಂಡರು. ಆಮೇಲೆ, "ತೆಗಿ. ಕಡಲು ನೋಡಿ ಬಾ. ನಿನ್ನ ಮೀಸೆಯಿಂದ ನಂಗೆ ಏನೂ ಆಗುದಿಲ್ಲ" ಎಂದರು.

ಅವರು ಅಷ್ಟು ಹೇಳಿದ ಮೇಲೆ ನನ್ನಿಂದ ಆಗಲೇ ಇಲ್ಲ. ಮಾಸ್ಕು ಕೊಡೆಯ ಪಕ್ಕದ ಮೊಳೆಗೆ ಹೋಯಿತು. ನಾನು ಬಸ್ಸಿಗೆ ಹೋದೆ. ಒಂದೆರಡು ಸಲ ಕಡಲಿಗೆ ಹೋಗುವ ಕರೆ ಬಂದಾಗ ಅಂಗಡಿಯಲ್ಲಿ ರಜೆ ಇಲ್ಲವೆಂದು ತಪ್ಪಿಸಿಕೊಂಡೆ. ಹಾಗೆಯೇ ವರ್ಷಗಳು ಕಳೆದವು. ದಣಿವಿಗೆ ಆಸೆ ಕೂಡ ಒಗ್ಗಿಹೋಗುತ್ತದೆ.

ಅಪ್ಪ ಹೆಚ್ಚು ನರಳದೆ ಹೋದರು. ಹೊಳೆಯ ಬದಿಯಲ್ಲಿ ಕೂರಿಸಿ ನನ್ನ ತಲೆಯನ್ನೂ ಮೀಸೆಯನ್ನೂ ಬೋಳಿಸಿದರು. ನೆಂಟರೆಲ್ಲ ಹೊರಟ ಮೇಲೆ ಒಂದು ಮಧ್ಯಾಹ್ನ ಕೊಡೆ ತೆಗೆಯಲು ಹೋದಾಗ ಧೂಳು ಹಿಡಿದ ಮಾಸ್ಕು ಕೈಗೆ ತಾಗಿತು. ಯೋಚನೆಯೇ ಇಲ್ಲದೆ ಒರೆಸಿ ಮುಖಕ್ಕೆ ಒತ್ತಿದೆ, ಉಸಿರೆಳೆದೆ, ಕೈಬಿಟ್ಟೆ.

ಬೀಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮ ನೋಡುತ್ತಾ, "ಈಗ ಸರಿ ಆಯ್ತಾ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ತಿಳಿಯಲೆಂದೇ ಕೇಳಿದ್ದು. ನನಗೆ ದುಃಖ ಒತ್ತರಿಸಿ ಬಂತು. ಎಳೆದ ಉಸಿರನ್ನು ಬಿಡಲೂ ಆಗದೆ ಹಾಗೆಯೇ ನಿಂತೆ.

ಮರುದಿನದಿಂದ ಗಡ್ಡ ಮಾಡುವಾಗ ಮೇಲ್ದುಟಿಗೆ ಬ್ಲೇಡು ತಾಗಿಸಲಿಲ್ಲ.